ಶಹಾಪುರದ ಬೆಟ್ಟ ಹತ್ತಿದೆ, ಬುದ್ಧ ಮಾತ್ರ ಕಾಣಲಿಲ್ಲ

ತೊಗರಿ ಹೊಲ (ಕಲಬುರಗಿ) · ಭಾನುವಾರ, ರಾತ್ರಿ 9:20

ನಗಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಇವತ್ತು ನಸುಕಿನ ನಾಲ್ಕಕ್ಕೆ ಎದ್ದು, ಸ್ವೆಟರ್ ಮೇಲೆ ಜರ್ಕಿನ್ ಹಾಕಿ, ಮಂಕಿ ಟೋಪಿ ಏರಿಸಿ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹೊರಟೆ. ಜೇವರ್ಗಿ ದಾಟುವಷ್ಟರಲ್ಲಿ ಬೆರಳು ಸೆಟೆದು ಬ್ರೇಕ್ ಹಿಡಿಯಲು ಆಗುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಯಾರೋ ಬೆಂಕಿ ಹಾಕಿಕೊಂಡು ಕೂತಿದ್ದರು. ಅವರ ನಡುವೆ ಕೈ ಚಾಚಿ ಹತ್ತು ನಿಮಿಷ ಕೂತು ಮುಂದೆ ಹೋದೆವು. ಶಹಾಪುರದ ಮಲಗಿದ ಬುದ್ಧನ ಫೋಟೋ ತೆಗೆಯಬೇಕು ಅನ್ನುವುದು ಎರಡು ವರ್ಷದ ಆಸೆ.

ಬೆಟ್ಟ ಹತ್ತಿದೆವು. ಮೇಲೆ ನಿಂತಾಗ ಎಂಟು ಗಂಟೆ. ನೋಡಿದರೆ ಬಂಡೆ, ಬಂಡೆ, ಮತ್ತೂ ಬಂಡೆ. ಬುದ್ಧ ಎಲ್ಲಿ? ಆಡು ಹೊಡೆದುಕೊಂಡು ಬಂದ ಹುಡುಗನೊಬ್ಬನನ್ನು ಕೇಳಿದೆ. ಅವನು ನನ್ನ ಬೂಟಿನ ಕಡೆ ಬೆರಳು ಮಾಡಿ, "ಅಣ್ಣಾ, ನೀವು ಅವನ ಎದಿ ಮ್ಯಾಲೆ ನಿಂತೀರಿ" ಅಂದ.

ಅದು ಹೋಗಲಿ. ತೆಗೆದ ಇನ್ನೂರು ಫೋಟೋದಲ್ಲಿ ಒಂದೂ ಸರಿ ಇಲ್ಲ. ದೂರದ ಹೊಲ, ಊರು ಎಲ್ಲಾ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿವೆ. ಕಣ್ಣಿಗೆ ಎಷ್ಟು ಚೆಂದ ಕಂಡಿತ್ತು! ಹೊಸ ಕ್ಯಾಮೆರಾ ಕೊಳ್ಳಬೇಕಾ? ಅಥವಾ ನಮ್ಮ ಕಡೆ ಬೆಟ್ಟಗಳೇ ಇಷ್ಟಾ?

ಕೆಂಪುಕಲ್ಲು (ಬೀದರ್) · ರಾತ್ರಿ 9:34

ಎದೆ ಮೇಲೆ ನಿಂತು ಮುಖ ಕಾಣಲಿಲ್ಲ ಅಂದರೆ ಹೇಗ್ರೀ? 😄

ಅದು ಸಾಲು ಗುಡ್ಡಗಳು ಕೂಡಿ ಆಗುವ ಆಕಾರ. ಊರು ಬಿಟ್ಟು ದೂರ ಹೋಗಿ ಹಿಂದಿರುಗಿ ನೋಡಬೇಕು. ಹತ್ತಿರ ಹೋದಷ್ಟೂ ಅದು ಬರೀ ಗುಡ್ಡ.

ಹಳೇ ರೋಲು (ಕಲಬುರಗಿ) · ರಾತ್ರಿ 10:05

ತಮ್ಮಾ, ನಾನು ಮೂವತ್ತು ವರ್ಷ ಮದುವೆ ಫೋಟೋ ತೆಗೆದವನು. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನಾನು ಭಾನುವಾರ ಗುಡ್ಡ ಸುತ್ತುತ್ತೇನೆ. ಹೊಸ ಕ್ಯಾಮೆರಾ ಬೇಡ. ನಿನ್ನ ಫೋಟೋ ಬೆಳ್ಳಗೆ ಬಂದಿದ್ದು ಗಾಳಿಯಿಂದ.

ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ತಣ್ಣನೆ ಗಾಳಿ ಭಾರ, ಮೇಲೇಳುವುದಿಲ್ಲ. ಪಾತೇಲಿಗೆ ಮುಚ್ಚಳ ಹಾಕಿದ ಹಾಗಾಗುತ್ತದೆ. ಒಲೆಯ ಹೊಗೆ, ರಸ್ತೆಯ ಧೂಳು, ಈಗ ನಡೆದಿರುವ ತೊಗರಿ ರಾಶಿಯ ಹೊಟ್ಟು, ಎಲ್ಲಾ ಆ ಮುಚ್ಚಳದ ಕೆಳಗೇ ಕೂತಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ. ಅಷ್ಟರಲ್ಲಿ ಒಳ್ಳೆ ಬೆಳಕು ಮುಗಿದಿರುತ್ತದೆ. ಪೇಚು ಅದೇ.

ಹಾಗಾದರೆ ಏನು ಮಾಡಬೇಕು? ಮಬ್ಬಿನ ಜೊತೆ ಗುದ್ದಾಡಬೇಡ, ಅದನ್ನೇ ದುಡಿಸು. ಸೂರ್ಯ ಹುಟ್ಟುವ ಮುಂಚೆ, ಹುಟ್ಟಿದ ಹತ್ತು ನಿಮಿಷ, ಅವನ ಕಡೆಗೇ ಮುಖ ಮಾಡು. ಆಗ ಹತ್ತಿರದ ಗುಡ್ಡ ಕಪ್ಪು, ಅದರಾಚೆಯದು ಬೂದಿ, ಅದರಾಚೆಯದು ಇನ್ನೂ ತೆಳು. ಪದರ ಪದರ. ಮಬ್ಬಿಲ್ಲದಿದ್ದರೆ ಈ ಪದರವೇ ಬರುವುದಿಲ್ಲ. ಆಮೇಲೆ ಸೂರ್ಯ ಏರಿದ ಕೂಡಲೇ ದೂರದ್ದನ್ನು ಮರೆತುಬಿಡು. ಬೆನ್ನು ತಿರುಗಿಸಿ, ಇಲ್ಲವೇ ಬೆಳಕು ಅಡ್ಡ ಬರುವ ಹಾಗೆ ನಿಂತು, ಕಾಲಬುಡದ್ದನ್ನು ನೋಡು: ಬಂಡೆಯ ಬಿರುಕು, ಇಬ್ಬನಿ ಕೂತ ಹುಲ್ಲು, ಜೇಡನ ಬಲೆ. ಹತ್ತು ಅಡಿ ದೂರಕ್ಕೆ ಮಬ್ಬು ಏನೂ ಮಾಡುವುದಿಲ್ಲ.

ನೀನು ಎಂಟಕ್ಕೆ ಮೇಲೆ ಹೋಗಿ, ದೂರದ ಹೊಲ ತೆಗೆದೆ. ಎರಡೂ ತಪ್ಪು.

ಇನ್ನೊಂದು. ಕ್ಯಾಮೆರಾ ಆಟೊ ಮೋಡ್‌ನಲ್ಲಿ ಬಿಟ್ಟಿದ್ದೆ ಅಲ್ವಾ? ಮುಂದೆ ಕಪ್ಪು ಬಂಡೆ ಇದ್ದರೆ ಯಂತ್ರ ಅದನ್ನು ಬೆಳಗಿಸಲು ಹೋಗಿ ಆಕಾಶವನ್ನು ಬರೀ ಬಿಳಿ ಮಾಡಿ ಸುಟ್ಟು ಹಾಕುತ್ತದೆ. ಮೊಬೈಲಾದರೂ ಅಷ್ಟೇ. ಪರದೆಯಲ್ಲಿ ಹೊಳೆಯುವ ಜಾಗ ಮುಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತು ಕೆಳಗೆ ಎಳೆ. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಸುಟ್ಟುಹೋದದ್ದು ಹೋಯಿತು. ರೋಲಿನ ಕಾಲದಲ್ಲಿ ಇದು ತಿರುಗು ಮುರುಗು ಇತ್ತು, ನೆಗೆಟಿವ್‌ನಲ್ಲಿ ಕತ್ತಲ ಜಾಗದ ವಿವರ ಕಳೆದರೆ ಮತ್ತೆ ಹುಟ್ಟುತ್ತಲೇ ಇರಲಿಲ್ಲ. ನನಗೆ ಈ ಅಭ್ಯಾಸ ಬಿಡಲು ಐದು ವರ್ಷ ಬೇಕಾಯಿತು.

ತೊಗರಿ ಹೊಲ · ರಾತ್ರಿ 10:21

ಮಾಮಾ, ಎರಡೂ ತಪ್ಪು ಒಪ್ಪಿಕೊಂಡೆ. ಸೂರ್ಯ ಹುಟ್ಟುವ ಮುಂಚೆ ಮೇಲಿರಬೇಕು ಅಂದರೆ ಮನೆ ಎಷ್ಟಕ್ಕೆ ಬಿಡಬೇಕು? ಮೂರಕ್ಕಾ?

ಹಳೇ ರೋಲು · ರಾತ್ರಿ 10:40

ಹಿಂದಿನ ದಿನವೇ ಹೋಗಿ ಶಹಾಪುರದಲ್ಲಿ ಮಲಗು. ನಸುಕಿನಲ್ಲಿ ಎರಡು ಗಂಟೆ ಬೈಕ್ ಹೊಡೆದು ಬಂದವನಿಗೆ ಗುಡ್ಡ ಹತ್ತುವ ಉಸಿರೂ ಇರುವುದಿಲ್ಲ, ನೋಡುವ ಕಣ್ಣೂ ಇರುವುದಿಲ್ಲ.

ಒಂದು ಲೆಕ್ಕ ನೆನಪಿಡು. ಹಗಲು ಅತಿ ಸಣ್ಣದಾಗುವುದು ಡಿಸೆಂಬರ್ 21ರ ಸುಮಾರಿಗೆ. ಆದರೆ ಸೂರ್ಯ ಅತಿ ತಡವಾಗಿ ಏಳುವುದು ಅವತ್ತಲ್ಲ, ಜನವರಿ ಮೂರನೇ ವಾರದ ಹೊತ್ತಿಗೆ. ಕಲಬುರಗಿಯಲ್ಲಿ ಡಿಸೆಂಬರ್ 21ಕ್ಕೆ ಸುಮಾರು 6:48ಕ್ಕೆ ಹುಟ್ಟಿದರೆ ಜನವರಿ ನಡುವೆ 6:55 ದಾಟುತ್ತದೆ. ಸೋಮಾರಿಗಳಿಗೆ ಇದೇ ಒಳ್ಳೆ ತಿಂಗಳು. ಹುಟ್ಟುವುದೂ ನೇರ ಪೂರ್ವಕ್ಕಲ್ಲ. ಡಿಸೆಂಬರ್ ಕೊನೆಗೆ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಬೇಸಿಗೆಯಲ್ಲಿ ನೋಡಿಟ್ಟ ಜಾಗ ಚಳಿಗಾಲಕ್ಕೆ ಕೆಲಸಕ್ಕೆ ಬರುವುದಿಲ್ಲ, ಹುಷಾರು.

ಮಧ್ಯಾಹ್ನವೂ ಈಗ ಅವನು ಅಷ್ಟು ಮೇಲೇರುವುದಿಲ್ಲ, 50 ಡಿಗ್ರಿ ಆಸುಪಾಸು. ಅದಕ್ಕೇ ಹನ್ನೆರಡಕ್ಕೂ ಬಂಡೆಗೆ ನೆರಳಿರುತ್ತದೆ. ಮೇ ತಿಂಗಳಲ್ಲಿ ನೆತ್ತಿ ಮೇಲೆ ಬಂದು ನಿನ್ನ ನೆರಳನ್ನೇ ನುಂಗುತ್ತಾನೆ. ನಮ್ಮ ಬಿಸಿಲೂರಿನಲ್ಲಿ ಗುಡ್ಡ ಸುತ್ತಲು ಇರುವುದು ಇದೊಂದು ಮೂರು ತಿಂಗಳು.

ಸಹ್ಯಾದ್ರಿ ಹುಚ್ಚ (ಆಳಂದದವನು, ಈಗ ಪುಣೆ) · ರಾತ್ರಿ 11:12

ಬೇಜಾರಾಗಬೇಡಿ. ನಾನೂ ನಮ್ಮೂರ ಕಡೆಯವನೇ. ಆದರೆ ಅದನ್ನು ಬೆಟ್ಟ ಅನ್ನುತ್ತೀರಾ? ಇಲ್ಲಿ ಪ್ರತಿ ವಾರ ಒಂದು ಕೋಟೆ ಹತ್ತುತ್ತೇವೆ, ಮೋಡ ಕಾಲ ಕೆಳಗಿರುತ್ತದೆ. ಶಹಾಪುರ, ಯಾದಗಿರಿ ಎಲ್ಲಾ ತಿಂಡಿಗೆ ಮುಂಚೆ ಹತ್ತಿ ಇಳಿಯುವ ಗುಡ್ಡ.

ಕೆಂಪುಕಲ್ಲು · ರಾತ್ರಿ 11:15

ಹೌದ್ರಿ, ಅದೇ ಅದರ ಸುಖ. ಹತ್ತಿ ಇಳಿದು ಬಂದರೂ ಮಿರ್ಚಿ ಬಿಸಿ ಇರುತ್ತದೆ.

ಕಲ್ಲು ಮೇಷ್ಟ್ರು (ಯಾದಗಿರಿ) · ಸೋಮವಾರ, ಬೆಳಿಗ್ಗೆ 6:50

ಎತ್ತರದ ಮಾತು ಬಿಡಿ, ವಯಸ್ಸಿನ ಮಾತಾಡೋಣ. ಪುಣೆಯ ತಮ್ಮ ಹತ್ತುವ ಸಹ್ಯಾದ್ರಿ ಲಾವಾ ಹರಿದು ಆದದ್ದು, ಸುಮಾರು 6.6 ಕೋಟಿ ವರ್ಷದ್ದು. ಆಳಂದದ ಕರಿಕಲ್ಲೂ ಅದೇ ಲಾವಾ. ಶಹಾಪುರ, ಸುರಪುರ, ಯಾದಗಿರಿಯ ಗುಂಡುಗಳು ಗ್ರಾನೈಟ್. ಅವಕ್ಕೆ 250 ಕೋಟಿ ವರ್ಷದ ಆಸುಪಾಸು. ಅಜ್ಜನ ಮುಂದೆ ನಿಂತು ಮೊಮ್ಮಗ ಎತ್ತರ ಹೇಳಿಕೊಂಡ ಹಾಗಾಯಿತು ನೋಡ್ರಿ.

ಫೋಟೋ ತೆಗೆಯುವವರಿಗೆ ಬೇಕಾದ ಮಾತು ಇದರಲ್ಲಿದೆ. ಗ್ರಾನೈಟ್ ಒಳಗೇ ಅಡ್ಡ ಉದ್ದ ಸೀಳಿಕೊಂಡಿರುತ್ತದೆ. ಸೀಳಿನಲ್ಲಿ ನೀರಿಳಿದು ಅಂಚು ಕೊರೆಯುತ್ತದೆ. ಚೌಕದ ಮೂಲೆಗೆ ಮೂರು ಕಡೆಯಿಂದ ಏಟು ಬೀಳುವುದರಿಂದ ಮೂಲೆ ಮೊದಲು ಸವೆಯುತ್ತದೆ. ಹಾಗೆ ಸವೆದು ಸವೆದು ಗುಂಡಾದ ಕಲ್ಲು ಒಂದರ ಮೇಲೊಂದು ಕೂತಿವೆ. ಯಾರೂ ಪೇರಿಸಿಟ್ಟದ್ದಲ್ಲ. ಬೆಳಕು ಅಡ್ಡ ಬಿದ್ದಾಗ ಆ ಸೀಳುಗಳಿಗೆ ನೆರಳು ತುಂಬಿ ಗುಂಡುಗಳು ಬಿಡಿ ಬಿಡಿಯಾಗಿ ಎದ್ದು ಕಾಣುತ್ತವೆ. ಬೆಳಕು ನೇರ ಬಿದ್ದರೆ ಎಲ್ಲಾ ಅಂಟಿಕೊಂಡು ಒಂದೇ ಹಿಟ್ಟಿನ ಮುದ್ದೆ.

ನಾನು ಯಾದಗಿರಿ ಕೋಟೆಗೆ ಹೋಗುವುದು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಹೋಗಿ ಹೋಗಿ ಬೇಜಾರಾಗಿತ್ತು, ಒಮ್ಮೆ ಸುಮ್ನೆ ಸಂಜೆ ಹತ್ತಿದೆ. ಮೇಲಿನ ಫಿರಂಗಿ ಹತ್ತಿರ ಕೂತರೆ ಕೆಳಗೆ ಊರು, ರೈಲು, ಆಚೆ ಭೀಮಾ ನದಿ ಕಡೆಯ ಬಯಲು. ಬೆಳಗಿನ ಮಬ್ಬು ಬಿಳಿ, ಸಂಜೆಯ ಮಬ್ಬು ಹಳದಿ. ನನಗೆ ಹಳದಿಯೇ ಇಷ್ಟ. ಸಂಕ್ರಾಂತಿ ವಾರ ಮಾತ್ರ ಬರಬೇಡಿ. ಮೈಲಾಪುರದ ಮಲ್ಲಯ್ಯನ ಜಾತ್ರೆ, ರಸ್ತೆ ತುಂಬಾ ಜನ. ಅಥವಾ ಜಾತ್ರೆಗೇ ಬನ್ನಿ. ಭಂಡಾರದ ಅರಿಶಿನ ಎರಚುವಾಗ ಲೆನ್ಸಿಗೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ.

ಸಹ್ಯಾದ್ರಿ ಹುಚ್ಚ · ಬೆಳಿಗ್ಗೆ 7:30

ಮೇಷ್ಟ್ರೇ, ಮೊಮ್ಮಗ ಕಿವಿ ಹಿಡಿದುಕೊಂಡ. ಮುಂದಿನ ಸಲ ಊರಿಗೆ ಬಂದಾಗ ಕೋಟೆಗೆ ಬರುತ್ತೇನೆ.

ಸುರಪುರದಾಕೆ · ಸೋಮವಾರ, ಮಧ್ಯಾಹ್ನ 2:10

ಎಲ್ಲರೂ ನಸುಕಿನಲ್ಲಿ ಹೊರಡಿ ಅನ್ನುತ್ತೀರಿ. ನಮ್ಮಂಥವರ ಕಷ್ಟ ಯಾರೂ ಹೇಳಲಿಲ್ಲ. ಕತ್ತಲಲ್ಲಿ ಒಬ್ಬಳೇ ಕ್ಯಾಮೆರಾ ಹಿಡಿದು ಗುಡ್ಡಕ್ಕೆ ಹೋದರೆ ಓಣಿಯವರು ಮೊದಲು ಅತ್ತೆಗೆ ಹೇಳುತ್ತಾರೆ. ಹಾಗಾಗಿ ನಾನೂ ನನ್ನ ನಾದಿನಿಯೂ ಸೇರಿ ವಾಕಿಂಗ್ ಅಂತ ಹೊರಡುತ್ತೇವೆ. ಬೆನ್ನಿನ ಚೀಲದಲ್ಲಿ ಕ್ಯಾಮೆರಾ, ಮೇಲೆ ಟವೆಲ್ಲು. ಈಗ ಅತ್ತೆಯೇ ಕೇಳುತ್ತಾರೆ, "ಇವತ್ತು ಹಕ್ಕಿ ಸಿಕ್ತೇನವಾ?"

ಸುರಪುರದಲ್ಲಿ ಗುಡ್ಡ ಹುಡುಕಿ ಹೋಗಬೇಕಾಗಿಲ್ಲ, ಊರೇ ಗುಡ್ಡದ ನಡುವೆ ಇದೆ. ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಆ ಮನುಷ್ಯ ಜಾಗ ಆರಿಸಿದ್ದು ನೋಡಿದರೆ ಫೋಟೋಗ್ರಾಫರ್ ಆಗಬೇಕಿತ್ತು ಅನ್ನಿಸುತ್ತದೆ.

ನನಗೆ ಚಳಿಗಾಲ ಅಂದರೆ ಬೋನಾಳ ಕೆರೆ. ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ. ಹಿಮಾಲಯದ ಆಚೆಯಿಂದ, ಮಧ್ಯ ಏಷ್ಯಾದಿಂದ ಹಾರಿ ಬರುವ ಹಕ್ಕಿ, ಬಿಳಿ ತಲೆಗೆ ಎರಡು ಕರಿ ಪಟ್ಟೆ. ಬೆಳಿಗ್ಗೆ ನೀರಲ್ಲಿ ಸುಮ್ಮನೆ ತೇಲುತ್ತಾ ಇರುತ್ತವೆ. ಒಂದು ಕತ್ತು ಎತ್ತಿತು ಅಂದರೆ ಉಳಿದವೂ ಎತ್ತುತ್ತವೆ. ಆಗ ನಾವು ಒಂದು ಹೆಜ್ಜೆ ಮುಂದಿಟ್ಟೆವೋ, ಮುಗಿಯಿತು. ಕತ್ತು ಎತ್ತಿದ ಕೂಡಲೇ ನಾವು ಅಲ್ಲೇ ಕೂತುಬಿಡುತ್ತೇವೆ. ಕಾಲು ಗಂಟೆ ಕೂತರೆ ಕತ್ತು ಇಳಿಸುತ್ತವೆ. ಕಳೆದ ವಾರ ಹಾಗೆ ಕೂತದ್ದು ನೆಗ್ಗಿಲು ಮುಳ್ಳಿನ ಮೇಲೆ. ನಾದಿನಿ ಅಲುಗಾಡಲಿಲ್ಲ, ಬಾಯಿ ಕಚ್ಚಿ ಕೂತಳು. ಫೋಟೋ ಬಂತು. ಅದನ್ನು ಯಾರಿಗೆ ತೋರಿಸಿದರೂ ಅವಳು ಮೊದಲು ಮುಳ್ಳಿನ ಕತೆಯೇ ಹೇಳುತ್ತಾಳೆ.

ಕುರಿ ಕಾಯುವ ಹೆಂಗಸರ ಫೋಟೋ ತೆಗೆಯುವ ಅಣ್ಣಂದಿರಿಗೆ ಒಂದು ಮಾತು. ದೂರದಿಂದ ಜೂಮ್ ಹಾಕಿ ಕದ್ದು ತೆಗೆಯಬೇಡಿ. ಅವರಿಗೆ ಗೊತ್ತಾಗುತ್ತದೆ, ಸೆರಗು ಎಳೆದುಕೊಂಡು ತಿರುಗಿಬಿಡುತ್ತಾರೆ. ಹತ್ತಿರ ಹೋಗಿ, ಮಾತಾಡಿ, ಕೇಳಿ. "ಬ್ಯಾಡ" ಅಂದರೆ ಬೇಡ.

ಹಳೇ ರೋಲು · ಮಧ್ಯಾಹ್ನ 2:45

ತಂಗಿ ಹೇಳಿದ್ದು ಸರಿ. ನನ್ನದೇ ಒಂದು ಫೋಟೋ, ಬಂಡೆಗೆ ಒರಗಿ ಕೂತ ಅಜ್ಜನದು. ಯಾವುದೋ ಪುಟದವರು ನನ್ನ ಹೆಸರು ಕತ್ತರಿಸಿ ಹಾಕಿಕೊಂಡರು. ನನಗೆ ಸಿಟ್ಟು ಬಂದದ್ದು ಹೆಸರಿಗಲ್ಲ. ಅಜ್ಜನಿಗೆ "ಊರವರಿಗಷ್ಟೇ ತೋರಿಸುತ್ತೇನೆ" ಅಂದಿದ್ದೆ.

ಕೆಂಪುಕಲ್ಲು (ಬೀದರ್) · ಸೋಮವಾರ, ರಾತ್ರಿ 8:30

ಈಗ ನಮ್ಮೂರಿನ ಪಾಳಿ. ಕಲಬುರಗಿಯವರು ಚಳಿ ಚಳಿ ಅಂತೀರಲ್ಲ, ಒಮ್ಮೆ ಬೀದರಿಗೆ ಬನ್ನಿ. ಊರಿರುವುದೇ ಎತ್ತರದ ಕೆಂಪು ಕಲ್ಲಿನ ಹಾಸಿನ ಮೇಲೆ. ನಾವು ಬೆಟ್ಟ ಹತ್ತುವುದಿಲ್ಲ, ಬೆಟ್ಟದ ಮೇಲಿಂದ ಇಳಿಯುತ್ತೇವೆ. ನನ್ನ ಕಾಯಂ ದಾರಿ ಊರಿನಿಂದ ಅಷ್ಟೂರಿಗೆ. ತಗ್ಗಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲು. ಜನವರಿಯ ಕೆಲವು ದಿನ ತಗ್ಗಿನ ತುಂಬಾ ಮಂಜು ನಿಂತಿರುತ್ತದೆ. ಗುಂಬಜ್‌ಗಳ ತಲೆ ಮಾತ್ರ ಮೇಲೆ. ಸಿಡಿಲು ಬಡಿದು ಅರ್ಧ ಸೀಳಿಹೋದ ಹುಮಾಯೂನ್ ಸುಲ್ತಾನನ ಗೋರಿಯಂತೂ ಮಂಜಿನೊಳಗೆ ಬಾಯಿ ತೆರೆದುಕೊಂಡು ನಿಂತ ಹಾಗೆ ಕಾಣುತ್ತದೆ. ಹತ್ತು ಸಲ ಹೋದರೆ ಎರಡು ಸಲ ಸಿಗುತ್ತದೆ ಈ ನೋಟ. ಹಿಂದಿನ ರಾತ್ರಿ ಗಾಳಿ ನಿಂತು, ಆಕಾಶ ತಿಳಿಯಾಗಿದ್ದರೆ ನಾನು ಅಲಾರಂ ಇಡುತ್ತೇನೆ. ಗಾಳಿ ಇದ್ದರೆ ಕೌದಿ ಎಳೆದುಕೊಳ್ಳುತ್ತೇನೆ.

ಕೆಂಪು ಕಲ್ಲಿನ ಬಣ್ಣ ಬೆಳಿಗ್ಗೆ ಬೇರೆ, ಮಧ್ಯಾಹ್ನ ಬೇರೆ. ಇಬ್ಬನಿ ಕುಡಿದಾಗ ಕುಂಕುಮದ ಹಾಗಿರುತ್ತದೆ, ಒಣಗಿದ ಮೇಲೆ ಇಟ್ಟಿಗೆ ಪುಡಿ. ಕ್ಯಾಮೆರಾದಲ್ಲಿ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಅದು ಈ ಕೆಂಪನ್ನು ತಪ್ಪು ಅಂದುಕೊಂಡು ತೊಳೆದುಬಿಡುತ್ತದೆ. ಬಿಸಿಲಿನ ಗುರುತಿಗೆ ಇಟ್ಟು ಹಾಗೇ ಬಿಡಿ.

ಕೋಟೆ ಪುರಾತತ್ವ ಇಲಾಖೆಯದು. ಕೈಯಲ್ಲಿ ಹಿಡಿದು ತೆಗೆಯಬಹುದು, ಟ್ರೈಪಾಡ್ ಹೂಡಿದರೆ ಅನುಮತಿ ಬೇಕು. ಡ್ರೋನ್ ಅಂತೂ ಚೀಲದಿಂದ ಹೊರಗೇ ತೆಗೆಯಬೇಡಿ. ಊರಲ್ಲಿ ವಾಯುಪಡೆ ನೆಲೆ ಇದೆ.

ನನ್ನ ದಡ್ಡತನ ಒಂದು ಹೇಳುತ್ತೇನೆ. ಹೋದ ವರ್ಷ ಅಷ್ಟೂರಿನಲ್ಲಿ ಎರಡು ಗಂಟೆ ಚಳಿಯಲ್ಲಿ ನಿಂತು, ಊರಿಗೆ ಬಂದು ಹೋಟೆಲ್ ಹೊಕ್ಕೆ. ಒಳಗೆ ಚಹಾ ಕುದಿಯುತ್ತಿತ್ತು, ಸುಸಲಾ ಒಗ್ಗರಣೆ ಬೀಳುತ್ತಿತ್ತು. ಹಬೆಯ ನಡುವೆ ಅಡುಗೆಯವನ ಮೇಲೆ ಕಿಟಕಿಯ ಬಿಸಿಲು! ಕ್ಯಾಮೆರಾ ತೆಗೆದೆ. ತಣ್ಣಗಾಗಿದ್ದ ಲೆನ್ಸಿಗೆ ಒಂದೇ ಕ್ಷಣದಲ್ಲಿ ನೀರು ಕೂತಿತು. ಅಂಗಿ ತುದಿಯಿಂದ ಒರೆಸಿದೆ, ಮತ್ತೆ ಕೂತಿತು. ಒರೆಸಿದೆ, ಮತ್ತೆ. ಅಂಗಿಯಲ್ಲಿದ್ದ ಕೋಟೆಯ ಮಣ್ಣು ಗಾಜಿಗೆ ಉಜ್ಜಿ ಸಣ್ಣ ಗೆರೆ ಬಿತ್ತು. ಇವತ್ತಿಗೂ ಸೂರ್ಯನ ಎದುರು ತೆಗೆದರೆ ಆ ಗೆರೆ ಹೊಳೆಯುತ್ತದೆ. ಈಗ ಬಿಸಿ ಜಾಗಕ್ಕೆ ಹೋಗುವ ಮುಂಚೆ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೇನೆ. ನೀರು ಚೀಲದ ಹೊರಗೆ ಕೂರುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆದರಾಯಿತು.

ತೊಗರಿ ಹೊಲ · ರಾತ್ರಿ 8:52

ಚಳಿಗೆ ಬ್ಯಾಟರಿ ಬೇಗ ಹೋಗುತ್ತದಂತೆ, ಹೌದಾ?

ಹಳೇ ರೋಲು · ರಾತ್ರಿ 9:00

ಅದು ಹಿಮ ಬೀಳುವ ಊರಿನ ಮಾತು. ನಮ್ಮ ಚಳಿಗೆ ಬ್ಯಾಟರಿ ಹೋಗುವುದಿಲ್ಲ. ಇನ್ನೂರು ಫೋಟೋ ತೆಗೆದು ಇನ್ನೂರನ್ನೂ ಅಲ್ಲೇ ನೋಡುತ್ತಾ ಕೂತರೆ ಹೋಗುತ್ತದೆ.

ಚಿಂಚೋಳಿ ರಸ್ತೆ · ಮಂಗಳವಾರ, ಸಂಜೆ 6:15

ಕಾಡು ಬೇಕಾದವರು ನಮ್ಮ ಕಡೆ ಬನ್ನಿ. ಚಿಂಚೋಳಿ ವನ್ಯಜೀವಿಧಾಮ, 2011ರಲ್ಲಿ ಘೋಷಣೆಯಾದದ್ದು, ಸುಮಾರು 135 ಚದರ ಕಿ.ಮೀ. ಒಳಗೆ ಚಂದ್ರಂಪಳ್ಳಿ ಜಲಾಶಯ, ಆಚೆ ಗೊಟ್ಟಂಗೊಟ್ಟ. ಬಿಸಿಲು ನಾಡಿನಲ್ಲಿ ಇಂಥ ಕಾಡಿದೆ ಅಂದರೆ ಬೆಂಗಳೂರಿನವರು ನಂಬುವುದಿಲ್ಲ. ಎತ್ತಿಪೋತ ಜಲಪಾತ ನೋಡಲು ಮಳೆಗಾಲ ಮುಗಿದ ಕೂಡಲೇ ಬರಬೇಕಿತ್ತು, ಈಗ ನೀರು ಕಡಿಮೆ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಿ.

ಹೆಜ್ಜೇನಿನ ಮಾತು ಯಾರೂ ಎತ್ತಲಿಲ್ಲ. ಕಲ್ಲಿನ ಕೊರಕಲು, ಕೋಟೆ ಗೋಡೆ, ಎಲ್ಲಿ ನೋಡಿದರೂ ಹುಟ್ಟು ಇರುತ್ತದೆ. ಕಳೆದ ಚಳಿಗಾಲ ಒಂದು ಗುಂಪಿನವರು ಬಂಡೆ ಕೆಳಗೆ ಒಲೆ ಹೂಡಿ ಮ್ಯಾಗಿ ಮಾಡಲು ಹೋದರು. ಮೇಲೆ ಜೇನುಹುಟ್ಟು ಇದ್ದದ್ದು ನೋಡಿರಲಿಲ್ಲ. ಹೊಗೆ ಹೋಗಿದ್ದೇ ತಡ, ಎದ್ದವು. ನಾವು ದೂರದಲ್ಲಿದ್ದೆವು, ಬರೀ ಸದ್ದು ಕೇಳಿತು, ದೊಡ್ಡ ಮೋಟರು ಹಚ್ಚಿದ ಹಾಗೆ. ಒಬ್ಬನ ಮುಖ ಗುರುತೇ ಸಿಗದಷ್ಟು ಊದಿತ್ತು. ಬೇಯಿಸುವುದೆಲ್ಲಾ ಮನೆಯಲ್ಲೇ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ಬನ್ನಿ. ಒಣ ಹುಲ್ಲಿನ ಕಾಲ ಬೇರೆ, ಒಂದು ಕಿಡಿ ಸಾಕು.

ಹಾವು ಚಳಿಗಾಲದಲ್ಲಿ ಇರಲ್ಲ ಅನ್ನುವುದು ಸುಳ್ಳು. ಒಂಬತ್ತರ ಬಿಸಿಲಿಗೆ ಕೊಳಕುಮಂಡಲ ದಾರಿಯಲ್ಲೇ ಮೈ ಕಾಯಿಸಿಕೊಂಡು ಬಿದ್ದಿರುತ್ತದೆ. ಸರಿದು ಹೋಗುವುದಿಲ್ಲ. ಕಣ್ಣು ಕ್ಯಾಮೆರಾದಲ್ಲಿಟ್ಟು ಹಿಂದೆ ಹಿಂದೆ ಹೆಜ್ಜೆ ಇಡುವ ಚಾಳಿ ಇರುವವರು ಕೇಳಿಸಿಕೊಳ್ಳಿ.

ಸುರಪುರದಾಕೆ · ಸಂಜೆ 6:40

ಉತ್ತರಾಣಿ ಬೀಜವನ್ನೂ ಸೇರಿಸಿ. ಸಾಕ್ಸಿಗೆ ಹತ್ತಿದರೆ ಬಿಡಿಸಲು ಒಂದು ಸಂಜೆ ಬೇಕು.

ತೊಗರಿ ಹೊಲ · ಮುಂದಿನ ಭಾನುವಾರ, ರಾತ್ರಿ 8:05

ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರವೇ ಹೋಗಿ ಶಹಾಪುರದಲ್ಲಿ ಗೆಳೆಯನ ಸೋದರಮಾವನ ಮನೆಯಲ್ಲಿ ಮಲಗಿದೆವು. ಬೆಳಿಗ್ಗೆ ಬೆಟ್ಟಕ್ಕೆ ಹೋಗಲಿಲ್ಲ. ಮಾವನೇ ಕರೆದುಕೊಂಡು ಹೋಗಿ ಊರಾಚೆ ಒಂದು ಬಿಳಿಜೋಳದ ಹೊಲದ ಬದುವಿನ ಮೇಲೆ ನಿಲ್ಲಿಸಿದರು. ಕತ್ತಲಿತ್ತು. ಜೋಳದ ಎಲೆಗಳಿಂದ ಇಬ್ಬನಿ ಟಪ್ ಟಪ್ ಅಂತ ಬೀಳುತ್ತಿತ್ತು, ಮಳೆ ಬಂತೇನೋ ಅಂದುಕೊಂಡೆ. ಪ್ಯಾಂಟು ಮಂಡಿವರೆಗೆ ತೊಯ್ದುಹೋಯಿತು. ಆರೂವರೆ ಹೊತ್ತಿಗೆ ಆಕಾಶ ತೆಳುವಾಯಿತು. ಮೊದಲು ಹೊಟ್ಟೆ ಕಂಡಿತು, ಆಮೇಲೆ ಎದೆ, ಆಮೇಲೆ ಮೂಗು. ನಾನು ಕ್ಯಾಮೆರಾ ಎತ್ತದೆ ನಿಂತುಬಿಟ್ಟೆ. ಮಾವ ಬೆನ್ನಿಗೆ ಗುದ್ದಿ, "ತಗೀರಿ ಲಗೂನ, ಎದ್ದು ಕುಂತಾನು" ಅಂದರು.

ಹೊಳೆಯುವ ಜಾಗ ಮುಟ್ಟಿ ಕೆಳಗೆ ಎಳೆದೆ. ಹನ್ನೊಂದು ಫೋಟೋ ತೆಗೆದೆ, ಅಷ್ಟೇ. ಕೆಳಗೆ ಹೊಲದ ಮೇಲೆ ಮಬ್ಬಿನ ಒಂದು ಗೆರೆ, ಅದರ ಮೇಲೆ ಬುದ್ಧ, ಪೂರಾ ಕಪ್ಪು. ಆಗಲೇ ಜೋಳದಿಂದ ಗುಲಾಬಿ ಕಬ್ಬಕ್ಕಿಗಳ ದಂಡು ಎದ್ದು ಮೂಗಿನ ಹತ್ತಿರ ತಿರುಗಿತು. ನಾಲ್ಕನೇ ಫೋಟೋದಲ್ಲಿ ಬುದ್ಧನ ಮುಖಕ್ಕೆ ನೊಣ ಮುತ್ತಿದ ಹಾಗೆ ಬಂದಿವೆ. ಅದನ್ನೇ ಹಾಕಿದ್ದೇನೆ, ನೋಡಿ.

ಹಾಂ, ಮಾವನ ಹೆಂಡತಿ ಆ ಫೋಟೋ ನೋಡಿ ಏನಂದರು ಗೊತ್ತಾ? "ಇಷ್ಟ ವರ್ಷ ಕಸ ಹೊಡಿಯೋ ಮುಂದ ದಿನಾ ನೋಡೀನಿ, ಮಲಗ್ಯಾನ ಅಂತ ಗೊತ್ತಿತ್ತು. ಹಕ್ಕಿ ಕಾಡತಾವ ಅಂತ ಗೊತ್ತಿರಲಿಲ್ಲ."

ಹಳೇ ರೋಲು · ರಾತ್ರಿ 8:20

ನಾಲ್ಕನೆಯದು ಚೆನ್ನಾಗಿದೆ. ಕೆಳಗಿನ ಎಡ ಮೂಲೆಯಲ್ಲಿ ನಿನ್ನ ಗೆಳೆಯನ ಟೋಪಿ ಬಂದಿದೆ, ಕತ್ತರಿಸು.

ತೊಗರಿ ಹೊಲ · ರಾತ್ರಿ 8:22

ಅದು ಟೋಪಿ ಅಲ್ಲ ಮಾಮಾ, ಮಾವನ ರುಮಾಲು. ಇರಲಿ ಬಿಡಿ.

ಕೆಂಪುಕಲ್ಲು · ರಾತ್ರಿ 8:31

ಮುಂದಿನ ಶನಿವಾರ ಅಷ್ಟೂರು. ಗಾಳಿ ನಿಂತರೆ ಮಾತ್ರ, ಶುಕ್ರವಾರ ರಾತ್ರಿ ಹೇಳುತ್ತೇನೆ. ಯಾರು ಯಾರು?

ಸುರಪುರದಾಕೆ · ರಾತ್ರಿ 8:40

ನಾವಿಬ್ಬರು, ಜೊತೆಗೆ ಅತ್ತೆ. ಹಸಿ ಜೋಳದ ಸೀತನಿ ಸಿಕ್ಕರೆ ತರುತ್ತೇವೆ, ಬೆಲ್ಲ ನೀವು ನೋಡಿಕೊಳ್ಳಿ.